ಗುಂಡಿಕೋಣೆಯ ದೆವ್ವದ ಕತೆ

ಕೋಟು ಹೊಲಿಯುವ ಆ ಕಾರ್ಖಾನೆಯಲ್ಲಿ ಗುಂಡಿಕೋಣೆ ಎಂದರೆ ಕೋಟಿಗೆ ಗುಂಡಿ ಹೊಲಿಯುವ, ಮಹಡಿಯ ಮೇಲಿನ ಉದ್ದನೆಯ ಕೋಣೆ. ಕೆಳಗೆ ಯಂತ್ರಗಳ ಗದ್ದಲ. ಮೇಲೆ ಏಳು ಹೆಂಗಸರು, ಕೈಸೂಜಿ, ಕಪ್ಪು ದಾರ, ರಾಶಿ ರಾಶಿ ಕೋಟು. ಚಳಿಗಾಲಕ್ಕೆ ಮೊದಲು ಊರಿಗೆಲ್ಲ ಕೋಟು ಬೇಕಲ್ಲ, ಹಾಗಾಗಿ ಎಲೆ ಉದುರುವ ಕಾಲ ಬಂತೆಂದರೆ ಅವರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತು ಇರುತ್ತಿರಲಿಲ್ಲ. ಆದರೂ ಆ ಕಾಲಕ್ಕಾಗಿಯೇ ಅವರು ವರ್ಷವಿಡೀ ಕಾಯುತ್ತಿದ್ದರು. ಕಾರಣ, ದೆವ್ವ.

ಯಾವ ಕಾಲದಲ್ಲಿ ಯಾರು ಶುರು ಮಾಡಿದರೋ, ಅಲ್ಲೊಂದು ಕಟ್ಟಳೆ ಇತ್ತು. ಊಟವಾದ ಮೇಲೆ ಎರಡು ಗಂಟೆ ಹೊತ್ತು ಒಬ್ಬಳು ಗಟ್ಟಿಯಾಗಿ ಪುಸ್ತಕ ಓದುವುದು, ಮಿಕ್ಕ ಆರು ಜನ ಹೊಲಿಯುತ್ತ ಕೇಳುವುದು. ಓದುವವಳ ಪಾಲಿನ ಕೋಟುಗಳನ್ನು ಕೇಳುವವರೇ ಹಂಚಿಕೊಂಡು ಮುಗಿಸಬೇಕು. ಬೇರೆ ತಿಂಗಳುಗಳಲ್ಲಿ ಅಡುಗೆ ಪುಸ್ತಕವಾದರೂ ನಡೆಯುತ್ತಿತ್ತು. ಎಲೆ ಉದುರತೊಡಗಿದರೆ ಮಾತ್ರ ದೆವ್ವದ ಕತೆಯೇ ಆಗಬೇಕು. ಕಿಟಕಿಯಾಚೆ ಮರ ಬೋಳಾಗುತ್ತ, ನಾಲ್ಕು ಗಂಟೆಗೇ ಮಬ್ಬು ಕವಿಯುವಾಗ ಬೇರೇನು ಓದಿದರೂ ಸಪ್ಪೆ ಎಂಬುದು ದೊಡ್ಡಕ್ಕನ ತೀರ್ಮಾನ. ದೊಡ್ಡಕ್ಕನ ತೀರ್ಮಾನವನ್ನು ಆ ಕೋಣೆಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ.

ದೊಡ್ಡಕ್ಕ ಮೂವತ್ತು ವರ್ಷದಿಂದ ಗುಂಡಿ ಹೊಲಿಯುತ್ತಿದ್ದಳು. ಪಕ್ಕದ ಕುರ್ಚಿ ಅವಳ ಓರಗಿತ್ತಿಯದು; ಮನೆಯಲ್ಲಿ ಒಂದೇ ಒಲೆಗೆ ಜಗಳ, ಇಲ್ಲಿ ಒಂದೇ ದಾರದುಂಡೆಗೆ. ಹೆದರಿಸಿಕೊಳ್ಳುವುದೆಂದರೆ ದೊಡ್ಡಕ್ಕನಿಗೆ ಪ್ರಾಣ, ದೆವ್ವ ಬೇರೆಯವರ ಮನೆಯದಾಗಿದ್ದರೆ. ಕತೆ ಸಪ್ಪೆಯಾದರೆ ಕತ್ತರಿಯಿಂದ ಮೇಜು ಕುಟ್ಟಿ, "ಇದಕ್ಕಿಂತ ನಮ್ಮತ್ತೆ ಭಯಂಕರ ಇದ್ರು" ಅನ್ನುತ್ತಿದ್ದಳು.

ಓದುವವಳನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿ ಎರಡು ವರ್ಷ. ಮಾತು ಕಡಿಮೆ, ಆದರೆ ಪುಸ್ತಕ ಹಿಡಿದಳೆಂದರೆ ಆ ಸಣ್ಣ ದನಿಗೆ ಕೋಣೆಯ ಕಿವಿಯೆಲ್ಲ ನೆಟ್ಟಗಾಗುತ್ತಿತ್ತು. ದಪ್ಪ ಗಾಜಿನ ಆ ಕನ್ನಡಕ ತೆಗೆದರೆ ಅವಳಿಗೆ ಎದುರಿಗಿದ್ದವರ ಮುಖವೂ ತಿಳಿಯದು. ಈಚೆಗೆ ಅದರ ಒಂದು ಕಡ್ಡಿ ಮುರಿದು, ಕೋಟಿನ ಕಪ್ಪು ದಾರ ಸುತ್ತಿಸಿಕೊಂಡು ಕೂತಿತ್ತು. ಕೇಳಿದರೆ, "ಮರೆತು ಅದರ ಮೇಲೇ ಕೂತುಬಿಟ್ಟೆ" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಅವಳ ಗಂಡ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ. ದಿನವೂ ಸಂಜೆ ಗೇಟಿನ ಹತ್ತಿರ ಬಂದು ನಿಂತಿರುತ್ತಿದ್ದ. "ಚೆನ್ನಾಗಿದೀರಾ ಅಕ್ಕ?" ಎಂದು ನಗುನಗುತ್ತ ಮಾತಾಡಿಸುತ್ತಿದ್ದ. ದೊಡ್ಡಕ್ಕ ಅವನೆದುರಿಗೇ, "ಪುಣ್ಯ ಮಾಡಿದೀಯ ಕಣೆ, ನಮ್ಮ ಮನೆಯವರು ಮದುವೆ ದಿನಾನೂ ಇಷ್ಟು ಹೊತ್ತು ನಿಂತಿರಲಿಲ್ಲ" ಅಂದಿದ್ದಳು.

ಆ ವರ್ಷ ಕನ್ನಡಕ ಗ್ರಂಥಾಲಯದಿಂದ ತಂದದ್ದು ಕೆಂಪು ರಟ್ಟಿನ ದಪ್ಪ ಪುಸ್ತಕ. ಮೊದಲ ಎರಡು ಕತೆ ಪರವಾಗಿಲ್ಲ ಅನ್ನಿಸಿದವು. ಮೂರನೆಯದು ಶುರುವಾದ ಮೇಲೆ ಮಾತ್ರ ಊಟದ ಡಬ್ಬಿ ತೊಳೆಯುವುದಕ್ಕೂ ಯಾರೂ ಏಳದ ಹಾಗಾಯಿತು. ಅದರಲ್ಲಿ ಒಬ್ಬ ಕೆಲಸಕ್ಕೆಂದು ಹೋಗಿ ವಾಪಸು ಬರುತ್ತಾನೆ. ಮುಖ ಅದೇ, ಅಂಗಿ ಅದೇ, ಆದರೆ ಬಂದವನು ಅವನಲ್ಲ. ಹೆಂಡತಿಗೆ ಮಾತ್ರ ಅದು ಗೊತ್ತು. ಬೇರೆಯವರೆದುರು ಆ ದೆವ್ವ ಸಕ್ಕರೆಯಂಥ ಮಾತಾಡುತ್ತದೆ. ಮನೆಯೊಳಗೆ ಬಂದರೆ ಹಾಲಿನ ಪಾತ್ರೆಗೆ ಗೆರೆ ಎಳೆದಿಡುತ್ತದೆ, ಕಿಟಕಿಗೆ ಮೊಳೆ ಹೊಡೆಯುತ್ತದೆ, ಅವಳು ಯಾರ ಜೊತೆ ಎಷ್ಟು ಮಾತಾಡಿದಳೆಂದು ಕೇಳುತ್ತದೆ. ಒಂದು ದಿನ ಅವಳು ಓದುತ್ತಿದ್ದಾಗ ಬಂದು ದೀಪವನ್ನು ಕೈಯಲ್ಲೇ ಹಿಸುಕಿ ಮುರಿಯುತ್ತದೆ. ಅವಳು ಅದಕ್ಕೆ ಕಪ್ಪು ದಾರ ಸುತ್ತಿಕೊಂಡು ಅದೇ ದೀಪದಲ್ಲಿ ದಿನ ದೂಡುತ್ತಾಳೆ.

"ಅಬ್ಬಾ, ಮೈಯೆಲ್ಲ ಜುಂ ಅಂತಿದೆ" ಎಂದು ಓರಗಿತ್ತಿ ಕುರ್ಚಿ ಹತ್ತಿರ ಎಳೆದುಕೊಂಡಿದ್ದಳು.

"ಇನ್ನೂ ಸ್ವಲ್ಪ ಜಾಸ್ತಿ ಹೆದರಿಸಬಹುದಿತ್ತು" ಎಂದಿದ್ದಳು ದೊಡ್ಡಕ್ಕ. ಏಳನೆಯ ದಿನ ಅವಳಿಗೆ ಕತೆಯ ಹೆಂಗಸಿನ ಮೇಲೇ ಸಿಟ್ಟು ಬಂತು. "ಬಾಯಲ್ಲೇನು ಕಡುಬು ಇಟ್ಕೊಂಡಿದಾಳಾ ಇವಳು? ಯಾರಿಗಾದ್ರೂ ಹೇಳಬಾರದಾ?"

ಕನ್ನಡಕ ಪುಟ ತಿರುವಿದಳು. ತುಸು ಹೊತ್ತು ಅದನ್ನೇ ನೋಡಿದಳು. ಆಮೇಲೆ ಓದಿದಳು: "ಅವಳು ಹೇಳಿದಳು. ದಿನವೂ ಹೇಳಿದಳು. ಕೇಳಿದವರು, ಚೆನ್ನಾಗಿದೆ, ಇನ್ನೂ ಹೇಳು ಎಂದರು."

ಕೋಣೆಯಲ್ಲಿ ಸೂಜಿಗಳು ನಿಂತವು. "ಎಂಥಾ ಮಾತು ಬರೆದಿದಾನೆ ಪುಣ್ಯಾತ್ಮ" ಎಂದು ದೊಡ್ಡಕ್ಕ ತಲೆದೂಗಿದಳು.

ಹತ್ತನೆಯ ದಿನ ದೆವ್ವ ಪೇಟೆಯಿಂದ ಹೊಸ ಹಿತ್ತಾಳೆ ಚಿಲಕ ತಂದಿತು. ಅದನ್ನು ಬಾಗಿಲ ಒಳಗಡೆ ಹಾಕುತ್ತದೋ ಹೊರಗಡೆಯೋ ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಕನ್ನಡಕ ಪುಸ್ತಕ ಮುಚ್ಚಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. "ಇಲ್ಲಿಗೆ ನಿಲ್ಲಿಸ್ತೀಯಾ, ಪಾಪಿ" ಎಂದು ಎಲ್ಲರೂ ಬೈದುಕೊಂಡು ನಕ್ಕರು. ಸಂಜೆ ಕೆಳಗಿಳಿದಾಗ ಗೇಟಿನಲ್ಲಿ ಅವಳ ಗಂಡ ಕಾಯುತ್ತಿದ್ದ.

ಮರುದಿನ ಕನ್ನಡಕ ಬರಲಿಲ್ಲ.

ಬೆಳಿಗ್ಗೆ ಗಂಡ ಬಂದು ಅವಳಿಗೆ ಜ್ವರ ಎಂದು ಹೇಳಿಹೋಗಿದ್ದಾನೆ ಎಂದ ಮೇಸ್ತ್ರಿ. ಊಟ ಮುಗಿಯಿತು. ಚಿಲಕ ಯಾವ ಕಡೆ ಎಂಬುದು ತಿಳಿಯದೆ ಯಾರಿಗೂ ಕೈ ಓಡುತ್ತಿಲ್ಲ. ಪುಸ್ತಕ ಅವಳ ಮೇಜಿನ ಖಾನೆಯಲ್ಲೇ ಇತ್ತು.

"ಅಕ್ಕ, ನೀವೇ ಓದಿ" ಎಂದಳು ಓರಗಿತ್ತಿ.

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡು, ಗುರುತಿಗೆ ಇಟ್ಟಿದ್ದ ಬಿಳಿ ದಾರ ಹಿಡಿದು ಪುಟ ಬಿಚ್ಚಿದಳು. ಅಲ್ಲಿ ಒಂದು ಹಳೆಯ ಗಡಿಯಾರ ಮಾತಾಡುತ್ತಿತ್ತು. ಅದರ ಒಡೆಯ ಮುದುಕನೊಬ್ಬ, ಅವನಿಗೆ ಹೆಂಡತಿಯೇ ಇಲ್ಲ. ದಾರ ಜಾರಿರಬೇಕೆಂದು ಹಿಂದಕ್ಕೆ ತಿರುವಿದಳು. ಹಿಂದೆ ಇದ್ದದ್ದು ಎರಡನೆಯ ಕತೆಯ ಕೊನೆ. ಅದನ್ನು ಕೇಳಿ ಹನ್ನೊಂದು ದಿನವಾಗಿತ್ತು. ಮುಂದಕ್ಕೆ ತಿರುವಿದಳು. ಗಡಿಯಾರ, ಆಮೇಲೆ ಹಡಗು, ಆಮೇಲೆ ಸ್ಮಶಾನದ ಕಾವಲುಗಾರ.

"ಏನಕ್ಕ, ಅಕ್ಷರ ಮರೆತುಹೋಯ್ತಾ?"

ದೊಡ್ಡಕ್ಕ ಪರಿವಿಡಿಗೆ ಹೋಗಿ ಬೆರಳಿಟ್ಟು ಒಂದೊಂದೇ ಹೆಸರು ಓದಿದಳು. ಹದಿನಾಲ್ಕು ಕತೆ. ವಾಪಸು ಬಂದ ಗಂಡನ ಕತೆ ಅದರಲ್ಲಿ ಇರಲಿಲ್ಲ.

"ಆ ಕತೆ ಇದರಲ್ಲಿಲ್ಲ" ಎಂದಳು.

"ಬೇರೆ ಪುಸ್ತಕ ಇರಬೇಕು ಬಿಡಿ."

"ಇದೇ ಪುಸ್ತಕ. ದಿನಾ ಇದನ್ನೇ ಹಿಡ್ಕೊಂಡು ಕೂತಿದ್ಲು."

"ಹಾಗಾದ್ರೆ ಓದಿದ್ದೇನು?"

ದೊಡ್ಡಕ್ಕನ ಕಣ್ಣು ತನ್ನ ಮಡಿಲಲ್ಲಿದ್ದ ಕೋಟಿನ ಮೇಲೆ, ಅದರ ಗುಂಡಿಯಿಂದ ಜೋತಾಡುತ್ತಿದ್ದ ಕಪ್ಪು ದಾರದ ಮೇಲೆ ಬಿತ್ತು. ದೀಪಕ್ಕೆ ಸುತ್ತಿದ ಕಪ್ಪು ದಾರ. ಮುರಿದ ಕನ್ನಡಕದ ಕಡ್ಡಿ. ಎದ್ದ ರಭಸಕ್ಕೆ ಗುಂಡಿಯ ಡಬ್ಬಿ ಉರುಳಿ ನೆಲದ ತುಂಬ ಗುಂಡಿಗಳು ಚೆಲ್ಲಾಪಿಲ್ಲಿಯಾದವು. ಅವಳು ಹೆಕ್ಕಲಿಲ್ಲ.

"ಅವಳ ಮನೆ ಯಾರಿಗೆ ಗೊತ್ತು?"

ಎರಡು ವರ್ಷ ಜೊತೆಗೆ ಉಂಡವರು ಮುಖ ಮುಖ ನೋಡಿಕೊಂಡರು. ಯಾರೂ ಹೋಗಿರಲಿಲ್ಲ. ಬೇಕರಿ ಹಿಂದಿನ ಬೀದಿ, ಎರಡನೇ ಮಹಡಿ ಎಂದು ಒಮ್ಮೆ ಹೇಳಿದ್ದಳೆಂದು ಓರಗಿತ್ತಿಗೆ ನೆನಪಿತ್ತು. ಮೆಟ್ಟಿಲ ಬಳಿ ಮೇಸ್ತ್ರಿ ಅಡ್ಡ ನಿಂತ.

"ನಾಳೆ ಮಾಲು ಹೋಗಬೇಕು ದೊಡ್ಡಕ್ಕ. ಜ್ವರ ನೋಡೋಕೆ ಆರು ಜನ ಬೇಕಾ?"

"ದಾರಿ ಬಿಡಪ್ಪ" ಎಂದಳು ದೊಡ್ಡಕ್ಕ. ಅವಳ ಮುಖ ನೋಡಿ ಅವನು ದಾರಿ ಬಿಟ್ಟ.

ಬೀದಿಯ ತುಂಬ ಒದ್ದೆ ಎಲೆ. ದೊಡ್ಡಕ್ಕ ಮಂಡಿನೋವು ಮರೆತು ಓಡುತ್ತಿದ್ದಳು, ಹಿಂದೆ ಐವರು. ಸುಮ್ಮನೆ ಜ್ವರವೇ ಆಗಿರಲಿ, ತನ್ನನ್ನು ಹುಚ್ಚಿ ಎಂದು ಎಲ್ಲರೂ ಜನ್ಮವಿಡೀ ನಗಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಬೇಕರಿಯ ಹಿಂದೆ ಒಂದು ಹಳದಿ ಕಟ್ಟಡ. ತಲೆಯೆತ್ತಿದರೆ ಎರಡನೇ ಮಹಡಿಯ ಕಿಟಕಿಗೆ ಅಡ್ಡಲಾಗಿ ಮರದ ಪಟ್ಟಿ, ಮೊಳೆ ಹೊಡೆದದ್ದು. ಓರಗಿತ್ತಿ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ಬಾಗಿಲು ಮುಚ್ಚಿತ್ತು. ಹೊರಗಡೆ ಹೊಸ ಹಿತ್ತಾಳೆ ಚಿಲಕ, ಹೊಸ ತಿರುಪು. ಕೊರೆದ ಮರದ ಹಿಟ್ಟು ಇನ್ನೂ ಹೊಸ್ತಿಲ ಮೇಲೇ ಬಿದ್ದಿತ್ತು. ಹತ್ತು ದಿನ ಗುಂಡಿ ಹೊಲಿಯುತ್ತ, ಉಸಿರು ಬಿಗಿಹಿಡಿದು, ಸುಖವಾಗಿ ಹೆದರುತ್ತ ಕೇಳಿದ ಕತೆ ಅವರ ಕಣ್ಣೆದುರು ನಿಂತಿತ್ತು.

ಚಿಲಕ ಬಿಗಿಯಾಗಿತ್ತು. ದೊಡ್ಡಕ್ಕ ಎರಡೂ ಕೈಯಿಂದ ಎಳೆದಾಗ ಹೆಬ್ಬೆರಳ ಉಗುರು ಕಿತ್ತುಬಂತು. ಬಾಗಿಲು ಒಳಕ್ಕೆ ಸರಿಯಿತು. ಹಗಲಲ್ಲೂ ಆ ಕೋಣೆ ಕತ್ತಲು. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಹಾಲು, ಲೋಟಕ್ಕೆ ಪೆನ್ನಿನಲ್ಲಿ ಎಳೆದ ಗೆರೆ. ನೆಲದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕನ್ನಡಕ ಕೂತಿದ್ದಳು. ಮುಖದ ಮೇಲೆ ಕನ್ನಡಕ ಇರಲಿಲ್ಲ. ಅದು ಗಾಜೊಡೆದು ಕಾಲ ಬಳಿ ಬಿದ್ದಿತ್ತು. ಅವಳ ಒಂದು ಕೆನ್ನೆ ಊದಿಕೊಂಡಿತ್ತು.

ಬಾಗಿಲ ಬೆಳಕಿನಲ್ಲಿ ನಿಂತ ಆಕೃತಿ ಯಾರದೆಂದು ಅವಳಿಗೆ ಕಾಣಲಿಲ್ಲ. ಮಂಡಿಗಳನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಇನ್ನಷ್ಟು ಅಂಟಿಕೊಂಡಳು. ಅದೇ ಸಣ್ಣ ದನಿಯಲ್ಲಿ, ಬೇಗ ಬೇಗ ಹೇಳಿದಳು:

"ನಾನು ಯಾರಿಗೂ ಏನೂ ಹೇಳಿಲ್ಲ. ಪುಸ್ತಕದಲ್ಲಿ ಇದ್ದಿದ್ದನ್ನೇ ಓದಿದೆ, ಅಷ್ಟೇ."

ದೊಡ್ಡಕ್ಕ ಹೊಸ್ತಿಲಲ್ಲೇ ಮರಗಟ್ಟಿ ನಿಂತಳು. 'ಇನ್ನೂ ಸ್ವಲ್ಪ ಜಾಸ್ತಿ ಹೆದರಿಸಬಹುದಿತ್ತು' ಎಂದ ತನ್ನ ದನಿಯೇ ಕಿವಿಯಲ್ಲಿ ಮೊಳಗುತ್ತಿತ್ತು. ಆಮೇಲೆ ಒಳಗೆ ಹೋಗಿ, ಅವಳಿಗೆ ಮುಖ ಗುರುತು ಸಿಗುವಷ್ಟು ಹತ್ತಿರಕ್ಕೆ ಬಗ್ಗಿ, ಎರಡೂ ಕೈ ಚಾಚಿದಳು.

"ನಾನು ಕಣೆ, ದೊಡ್ಡಕ್ಕ. ಏಳು, ನಮ್ಮನೆಗೆ ಹೋಗೋಣ" ಎಂದಳು. "ಕೇಳಿಸ್ತು ನಮಗೆ. ತಡವಾಗಿ ಕೇಳಿಸ್ತು."