ಹಿತ್ತಲ ಗುಂಡಿಯ ಉಪ್ಪು

ಹುಮನಾಬಾದಿನ ಮಗಳ ಮನೆಯಲ್ಲಿ ಒಂದಷ್ಟು ದಿನ ಇದ್ದು ನಾರಾಯಣಪುರಕ್ಕೆ ಮರಳಿದ ಸುಂದರಬಾಯಿ, ತನ್ನ ಹಿತ್ತಲಿಗೆ ಕಾಲಿಟ್ಟವಳೇ ಗಕ್ಕನೆ ನಿಂತಳು. ಗೋಡೆಯ ಬುಡದಲ್ಲಿ ಹೊಸ ಮಣ್ಣು. ಮೇಲಿನ ಕಲ್ಲು ಸರಿಸಿದರೆ ಒಳಗೆ ಇದ್ದಿಲು, ಹರಳುಪ್ಪು, ನಡುವೆ ನೆಟ್ಟ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದ ಹಸಿರು ತಂತಿ.

ಭಾನಾಮತಿ! ಕಂಡವರ ಮನೆ ಹಾಳುಮಾಡುವ ಮಾಟಕ್ಕೆ ಆ ಸೀಮೆಯಲ್ಲಿ ಇರುವ ಹೆಸರು ಅದು. ಬಾಯಿಬಿಟ್ಟು ಆಡಿದರೆ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದಂತೆ. ಮಗ ಗುರುಲಿಂಗ ಹೊಸ ಕರೆಂಟಿನ ಕಾರು ತರಲು ಹೋಗಿದ್ದ. ಸೊಸೆ ವಿದ್ಯಾವತಿ ಅಡುಗೆಮನೆಯಲ್ಲೇ ಇದ್ದಳು. ಒಂದು ಮಾತು ಕೇಳಬಾರದಿತ್ತೇ? ಅಂಜಿದವರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು! ಕುಡುಗೋಲಿನಿಂದ ತಂತಿ ಕೊಯ್ದಳು. ಉಪ್ಪು, ಇದ್ದಿಲು ಬುಟ್ಟಿಗೆ ತುಂಬಿ, ಮೂರು ದಾರಿ ಕೂಡುವಲ್ಲಿ ಸುರಿದು, ಹಿಂತಿರುಗಿ ನೋಡದೆ ಬಂದಳು. ದಾರಿಯಲ್ಲಿ ಎದುರಾದ ಪ್ರತಿಯೊಬ್ಬರ ಮೇಲೂ ಅವಳಿಗೆ ಗುಮಾನಿ.

ಮಧ್ಯಾಹ್ನ ಕಾರು ಬಂತು. ಪೂಜೆಗೆಂದು ಅಂಗಳ ತೊಳೆದಿದ್ದರು. ಗುರುಲಿಂಗ ಗೋಡೆಯ ಚಾರ್ಜರಿನ ವೈರು ಎಳೆದು ಕಾರಿಗೆ ಸಿಕ್ಕಿಸಿ, ನೆರೆದವರಿಗೆ ಅದರ ಪರವಾನಗಿಯ ಪಾಡು ಹೇಳತೊಡಗಿದ. ಬೇರೆ ಮೀಟರು ಕೂಡಿಸಬೇಕಾಯಿತು, ಬಸವಕಲ್ಯಾಣದಿಂದ ಕರೆಂಟ್ ಆಫೀಸಿನ ಸಾಹೇಬರು ಬಂದು ಹಿತ್ತಲ ಗುಂಡಿ ನೋಡಿದ ಮೇಲೆಯೇ ಸಹಿ ಬಿತ್ತು ಎಂದ.

"ಉಪ್ಪು, ಇದ್ದಿಲು ತುಂಬಿ ಅರ್ಥಿಂಗ್ ಮಾಡೀವ್ರಿ. ಎಲ್ಲೆರೆ ಕರೆಂಟ್ ಸೋರಿದ್ರ ನೆಲಕ್ಕ ಇಳಿತದ. ಅದಿಲ್ಲಂದ್ರ ಗಾಡಿ ಮುಟ್ಟಿದವರ ಮೈಯಾಗ ಇಳಿತದ."

ಆರತಿ ತಟ್ಟೆ ಹಿಡಿದು ನಿಂತಿದ್ದ ಸುಂದರಬಾಯಿಗೆ ತಾನು ಕೊಯ್ದ ಹಸಿರು ತಂತಿ ನೆನಪಾಯಿತು. ಮೊಮ್ಮಗಳು ವರ್ಷಾ ವಿಭೂತಿಯ ಒದ್ದೆ ಕೈ ಚಾಚಿಕೊಂಡು, ಬರಿಗಾಲಲ್ಲಿ, ತೊಳೆದ ಕಲ್ಲಿನ ಮೇಲೆ ಕಾರಿನತ್ತ ನಡೆದಿದ್ದಳು. ತಟ್ಟೆ ಬಿಸಾಡಿ ಓಡಿದ ಮುದುಕಿ ಹುಡುಗಿಯ ಜಡೆಗೆ ಕೈಹಾಕಿ ಹಿಂದಕ್ಕೆ ಜಗ್ಗಿದಳು. ಇಬ್ಬರೂ ನೆಲಕ್ಕೆ ಬಿದ್ದರು.

"ತಂತಿ ನಾ ಕೊಯ್ದೀನಪ್ಪಾ," ಮುದುಕಿ ಮಗನಿಗೆ ಅಂದಳು.

ಗುರುಲಿಂಗ ಮೊದಲು ಮೇನ್ ಸ್ವಿಚ್ಚಿಗೆ ಓಡಿದ. ಕರೆಂಟು ತೆಗೆದು, ಹಿತ್ತಲಿಗೆ ಹೋಗಿ, ಖಾಲಿ ಗುಂಡಿ ನೋಡಿ ಬಂದು, ಕಾರಿನ ವೈರು ಕಿತ್ತ.

"ಯಾಕ ಜಗ್ಗಿದಿ, ಆಯಿ?" ವರ್ಷಾ ಅಳುತ್ತ ಕೇಳಿದಳು.

ಸುಂದರಬಾಯಿ ಅವಳ ಅಂಗೈ ತಿರುಗಿಸಿ ತಿರುಗಿಸಿ ನೋಡಿದಳು.

"ಭಾನಾಮತಿ ಯಾರ್ ಮಾಡ್ಯಾರಂತ ಊರ ಮಂದಿ ಮಾರಿ ನೋಡ್ಕೋತ ಬಂದೆ, ಕೂಸಽ. ಮಾಡಿದಾಕಿ ನಾನಽ ಅದೀನಿ."