ತೂಕದ ಇನ್ಸ್‌ಪೆಕ್ಟರರ ಎಡಗಾಲು

"ಚರಂಡಿಗೆ ಕೈ ಹಾಕೋನಿಗೆ ಲೋಕವೆಲ್ಲ ಚರಂಡಿಯಾಗೇ ಕಾಣುತ್ತೆ. ಹೋಗೋ, ಅಡುಗೆಮನೆ ನಲ್ಲಿ ತೊಟ್ಟಿಕ್ತಿದೆ, ಅದನ್ನ ನೋಡು. ನನ್ನ ಕಾಲು ನೋಡೋಕೆ ನೀನು ಇನ್ನೂ ಮೂರು ಜನ್ಮ ಓದ್ಬೇಕು!"

ಮಾವ ಕಿರಿಯಳಿಯನಿಗೆ ಇದನ್ನು ಗುಟ್ಟಾಗಿ ಹೇಳಲಿಲ್ಲ. ನಡುಮನೆಯಲ್ಲಿ ಅತ್ತೆ ಇದ್ದರು, ಹೆಂಡತಿ ಇದ್ದಳು, ಬ್ಯಾಂಕಿನ ಷಡ್ಡಕ ಸೋಫಾದ ಒಳ್ಳೆಯ ತುದಿಯಲ್ಲಿ ಒರಗಿದ್ದ, ಪಕ್ಕದ ಮನೆಯ ಹೆಂಗಸು ಚಹಾ ಮುಗಿದು ಅರ್ಧ ಗಂಟೆಯಾದರೂ ಲೋಟ ಕೆಳಗಿಟ್ಟಿರಲಿಲ್ಲ. ಕಿರಿಯಳಿಯ ಮಾತ್ರ ನಿಂತಿದ್ದ. ಪ್ಯಾಂಟು ಒದ್ದೆಯಾದವನಿಗೆ ಕೂರು ಅನ್ನುವವರು ಯಾರು? ಕೈಯಲ್ಲಿ ಪೈಪು ತಿರುಗಿಸುವ ಪಾನ, ಎರಡೂ ಕಿವಿ ಕೆಂಪು. ಷಡ್ಡಕ ಬಾಯಿಬಿಟ್ಟು ನಕ್ಕ. ಪಕ್ಕದ ಮನೆಯವಳು ನಗದೆ ತಡೆದುಕೊಂಡಳು, ಅದು ನಕ್ಕಿದ್ದಕ್ಕಿಂತ ಕೆಟ್ಟದಾಗಿತ್ತು.

ಪಂಚಾಯಿತಿ ಸೇರಿದ್ದಕ್ಕೆ ಕಾರಣ ಆಕೆಯೇ. ಅರವತ್ತೆಂಟು ವರ್ಷದ ಮಾವ, ತೂಕ-ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು, ದಿನಾ ಸಂಜೆ ವಾಕಿಂಗ್ ನೆಪದಲ್ಲಿ ಹೆಂಗಸರ ಒಳಉಡುಪಿನ ಅಂಗಡಿ ಮುಂದೆ ನಿಂತು ಗಾಜಿನೊಳಗೆ ನೋಡುತ್ತಾರೆ, ಅದೂ ಸುಮ್ಮನೆ ಅಲ್ಲ, ಐದೈದು ನಿಮಿಷ, ಈ ಕಣ್ಣಾರೆ ಕಂಡೆ ಎಂದು ಅತ್ತೆಗೆ ವರದಿ ಒಪ್ಪಿಸಿದ್ದಳು. ಅತ್ತೆ ಅತ್ತರು, ಮೂಗು ಒರೆಸಿಕೊಂಡರು, ಆಮೇಲೆ ಅಳಿಯಂದಿರಿಬ್ಬರನ್ನೂ ಕರೆಸಿದರು. ಹಿರಿಯವನನ್ನು ಬುದ್ಧಿ ಹೇಳುವುದಕ್ಕೆ, ಕಿರಿಯವನನ್ನು ನಲ್ಲಿ ರಿಪೇರಿಗೆ.

ಸಿಂಕಿನ ಕೆಳಗೆ ಅಂಗಾತ ಬಿದ್ದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ ಕಿರಿಯಳಿಯ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಎದ್ದು ಬಂದು, "ಮಾವ ಬಟ್ಟೆ ನೋಡ್ತಿಲ್ಲ. ಎಡಗಾಲು ನೋಯುತ್ತೆ, ಅದಕ್ಕೇ ನಿಲ್ತಾರೆ. ಮೆಟ್ಟಿಲ ಮೇಲೂ ಹೀಗೇ ನಿಲ್ಲೋದು ನೋಡಿದೀನಿ. ಮೇಲೆ ಎಲ್ಲೋ ಕಟ್ಟಿಕೊಂಡಿದೆ, ಕೆಳಕ್ಕೆ ರಕ್ತ ಬರ್ತಿಲ್ಲ" ಅಂದ. ಅದಕ್ಕೆ ಸಿಕ್ಕ ಬಹುಮಾನವೇ ಚರಂಡಿಯ ಮಾತು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಬೈಯಲು ಯಾರಿಗೂ ಲೈಸೆನ್ಸು ಬೇಡ. ಆದರೆ ಓದಿದವರ ಮನೆಯ ಪೈಪು ಕಟ್ಟಿಕೊಂಡಾಗ ಅವರ್‍ಯಾರೂ ಡಿಗ್ರಿ ಪತ್ರ ಸುರುಳಿ ಸುತ್ತಿ ಒಳಕ್ಕೆ ತೂರಿಸುವುದಿಲ್ಲ, ಇವನಿಗೇ ಫೋನು ಮಾಡುತ್ತಾರೆ. ಹತ್ತು ವರ್ಷ ನೀರಿನ ಜೊತೆ ಏಗಿದವನಿಗೆ ಒಂದು ವಿಷಯ ಗೊತ್ತು: ಮೂರನೇ ಮಹಡಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ತಪ್ಪು ನಲ್ಲಿಯದಲ್ಲ. ಇನ್ನೊಂದನ್ನೂ ಅವನು ಗಮನಿಸಿದ್ದ. 'ಕಾಲು' ಅಂದ ಕೂಡಲೇ ಮಾವ ಎಡಗಾಲನ್ನು ಕುರ್ಚಿ ಕೆಳಕ್ಕೆ ಎಳೆದುಕೊಂಡಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

'ತೋರಿಸ್ತೀನಿ ಈ ಮುದುಕಂಗೆ' ಎಂದು ಹಲ್ಲು ಕಡಿದ. ಇದನ್ನು ಯಾರೂ ಪ್ರೀತಿ ಎಂದು ತಿಳಿಯಬಾರದು. ಅಪ್ಪಟ ಹಠ.

ಮಾರನೆಯ ಸಂಜೆ ಮಾವನ ಹಿಂದೆ ಇಪ್ಪತ್ತು ಮಾರು ಅಂತರದಲ್ಲಿ ಹೆಜ್ಜೆ ಎಣಿಸುತ್ತ ಹೊರಟ. ಗೇಟಿನಿಂದ ಒಳಉಡುಪಿನ ಅಂಗಡಿಗೆ ನೂರ ನಲವತ್ತು. ಮಾವ ನಿಂತರು. ಗಾಜಿನೊಳಗಿನ ಗೊಂಬೆ ಇವರನ್ನು ನೋಡಿತು, ಇವರು ಗೊಂಬೆಯನ್ನು ನೋಡಿದರು. ಐದು ನಿಮಿಷದ ಮೇಲೆ ಹೊರಟು, ನೂರ ನಲವತ್ತಕ್ಕೆ ಬೀಗದ ಕೈ ಮಾಡುವವನ ಮುಂದೆ ನಿಂತು ತೂಗುಹಾಕಿದ ಕೀಲಿಗಳನ್ನು ದಿಟ್ಟಿಸಿದರು. ಮತ್ತೆ ನೂರ ಮೂವತ್ತೆಂಟಕ್ಕೆ ಹಣ್ಣಿನ ಅಂಗಡಿ. ಅಲ್ಲಿ ಮಾತ್ರ ಅನಾಹುತವಾಯಿತು. ಹಳೇ ಇನ್ಸ್‌ಪೆಕ್ಟರು ಬಂದು ನಿಂತರೆಂದು ಹಣ್ಣಿನವನು ಬೆವರಿ, ತಕ್ಕಡಿಯ ತಟ್ಟೆಯಡಿಯಿಂದ ಏನನ್ನೋ ಕಿತ್ತು ಜೇಬಿಗೆ ಹಾಕಿಕೊಂಡ.

ಅಳಿಯ ಹಿಂದಕ್ಕೆ ಬಂದು ಒಳಉಡುಪಿನ ಅಂಗಡಿಯಾಕೆಯನ್ನು ಕೇಳಿದ. ಆಕೆ ಕಾದುಕೊಂಡೇ ಇದ್ದವಳಂತೆ ಸುರುಮಾಡಿದಳು.

"ನಿಮ್ಮೋರಾ? ಕರ್ಕೊಂಡು ಹೋಗಿ ಮಾರಾಯ್ರೆ! ಒಳಗೂ ಬರಲ್ಲ, ಮುಂದಕ್ಕೂ ಹೋಗಲ್ಲ. ಬಾಗಿಲಲ್ಲಿ ಅಜ್ಜ ನಿಂತಿದ್ರೆ ಯಾವ ಹೆಂಗಸು ಒಳಗೆ ಬರ್ತಾಳೆ? ಏನು ಬೇಕು ಸಾರ್ ಅಂತ ಕೇಳಿದ್ರೆ, ನಿಮ್ಮ ಬೋರ್ಡಲ್ಲಿ ಕಾಗುಣಿತ ತಪ್ಪಿದೆ ಅಂದ್ರು!"

"ತಪ್ಪಿದ್ಯಾ?"

"ಇತ್ತು. ತಿದ್ದಿಸ್ದೆ. ಆದ್ರೂ ನಿಲ್ತಾರೆ."

ಅಷ್ಟರಲ್ಲಿ ಮಾವ ವಾಪಸು ಬಂದು ಅದೇ ಗೊಂಬೆಯ ಮುಂದೆ ನಿಂತರು. ಮುಖ ಬಿಳುಚಿತ್ತು. ಅಳಿಯ ಹಿಂದಿನಿಂದ ಹೋಗಿ ಒಂದೇ ಮಾತು ಹೇಳಿದ.

"ನೂರ ನಲವತ್ತು."

ಮಾವ ತಿರುಗಿದರು. ಬೈಯಲು ಬಾಯಿ ತೆರೆದವರು ಅದನ್ನು ಹಾಗೇ ಮುಚ್ಚಿಕೊಂಡರು. ಅಳತೆಗೆ ಎದುರಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

"ಹೋದ ತಿಂಗಳು ಎಷ್ಟಿತ್ತು ಮಾವ?"

"...ಇನ್ನೂರ ಹತ್ತು."

"ಅದರ ಹಿಂದಿನ ತಿಂಗಳು?"

"ಮುನ್ನೂರ ಇಪ್ಪತ್ತೈದು. ಪುಸ್ತಕದಲ್ಲಿ ಬರ್‍ದಿಟ್ಟಿದೀನಿ."

ಅಂಗಡಿಯಾಕೆ ಸ್ಟೂಲು ತಂದಿಟ್ಟಳು. ಇಷ್ಟು ದಿನ ಬಾಗಿಲಲ್ಲಿ ನಿಂತವರು ಕೊನೆಗೂ ಒಳಗೆ ಬಂದು, ನಾಲ್ಕೂ ಕಡೆ ತೂಗುವ ಸರಕಿನ ನಡುವೆ ಕಣ್ಣು ಮುಚ್ಚಿಕೊಂಡು ಕೂತರು. ಅಳಿಯ ಮಂಡಿಯೂರಿ ಎಡಗಾಲಿನ ಬೂಟು, ಸಾಕ್ಸು ಬಿಚ್ಚಿದ. ಪಾದ ಮಂಜುಗಡ್ಡೆಯ ಹಾಗಿತ್ತು. ಹೆಬ್ಬೆರಳು ನೀಲಿ, ಅದರ ಪಕ್ಕದಲ್ಲಿ ಕಾಸಗಲದ ಹುಣ್ಣು.

"ಎಷ್ಟು ದಿನದಿಂದ?"

"ಒಂದೂವರೆ ತಿಂಗಳು. ನಿಮ್ಮತ್ತೆಗೆ ಗೊತ್ತಿಲ್ಲ. ಚಳಿ ಅಂತ ಸಾಕ್ಸ್ ಹಾಕ್ಕೊಂಡೇ ಮಲಗ್ತೀನಿ."

"ಡಾಕ್ಟರಿಗೆ ತೋರಿಸೋಕೇನು ಧಾಡಿ?"

"ನಮ್ಮಣ್ಣ ತೋರಿಸ್ದ. ಮೊದಲು ಬೆರಳು ಅಂದ್ರು, ಆಮೇಲೆ ಪಾದ ಅಂದ್ರು, ಕೊನೆಗೆ ಮಂಡಿ ಅಂದ್ರು. ಕಂತಿನ ಮೇಲೆ ಕತ್ತರಿಸಿದ್ರು ಕಣೋ."

"ಅದಕ್ಕೆ ಆ ಪಕ್ಕದ ಮನೆಯವಳು ನಿಮ್ಮನ್ನ ಕಚ್ಚೆಹರುಕ ಅಂದ್ರೂ ಸುಮ್ನೆ ಕೂತಿದ್ರಾ?"

"ಅನ್ಲಿ ಬಿಡು. ಕುಂಟ ಅನ್ನಿಸ್ಕೊಳ್ಳೋದಕ್ಕಿಂತ ಕಚ್ಚೆಹರುಕ ಅನ್ನಿಸ್ಕೊಳ್ಳೋದು ವಾಸಿ. ಈ ವಯಸ್ಸಿಗೆ ಅದೊಂದು ಮರ್ಯಾದೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಜೀವಮಾನವಿಡೀ ವಾದಿಸಿದ ಮನುಷ್ಯ, ಈಗ ತನ್ನ ಎರಡರಲ್ಲೊಂದನ್ನು ಸಾಕ್ಸಿನೊಳಗೆ ಕೊಳೆಸುತ್ತ ಕೂತಿದ್ದರು. ಅಳಿಯ ಆಟೋ ಕರೆದ. ಮಾವ ಬರುವುದಿಲ್ಲ ಎಂದರು. ಹಾಗಾದರೆ ಬೂಟು ಕೊಡುವುದಿಲ್ಲ ಎಂದ.

ಆಸ್ಪತ್ರೆಗೆ ಮನೆಯವರೆಲ್ಲ ಬಂದು ಸೇರಿದರು. ಡಾಕ್ಟರಮ್ಮ ಮಾವನನ್ನು ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆದರು. ಅದೇ ಪಟ್ಟಿಯನ್ನು ಕಣಕಾಲಿಗೆ ಸುತ್ತಿ ಇನ್ನೊಮ್ಮೆ ಅಳೆದರು.

"ತೋಳಲ್ಲಿ ನೂರ ನಲವತ್ತು, ಕಾಲಲ್ಲಿ ಅರವತ್ತು. ಎರಡೂ ಹೆಚ್ಚುಕಡಿಮೆ ಒಂದೇ ಇರ್ಬೇಕು. ತೊಡೆಯ ರಕ್ತನಾಳ ಕಟ್ಟಿಕೊಂಡಿದೆ. ಈಗಲೇ ಬಿಡಿಸಿದ್ರೆ ಕಾಲು ಉಳಿಯುತ್ತೆ. ಇನ್ನು ಹದಿನೈದು ದಿನ ಬಿಟ್ಟು ಬಂದ್ರೆ ನಾನೇನೂ ಮಾಡೋಕಾಗಲ್ಲ."

"ಸ್ಟಂಟ್ ಹಾಕ್ತಾರೆ ಅತ್ತೆ, ನಮ್ಮ ಮ್ಯಾನೇಜರಿಗೂ ಸ್ಟಂಟ್ ಹಾಕಿದಾರೆ" ಎಂದು ಷಡ್ಡಕ ವಿದ್ವತ್ತು ತೋರಿಸಿದ.

"ಇಷ್ಟು ದಿನ ಅಂಗಡಿ ಮುಂದೆ ಮಾಡಿದ ಸ್ಟಂಟ್ ಸಾಲದಾ ಇವರಿಗೆ?" ಅತ್ತೆ ಸಿಡುಕಿದರು.

"ಅದು ಸ್ಟೆಂಟ್ ಅಮ್ಮ. ಸಣ್ಣ ಜಾಲರಿ ಕೊಳವೆ" ಎಂದರು ಡಾಕ್ಟರಮ್ಮ.

ಮಾವ ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಒತ್ತಡ ಅಳೆಯುವ ಯಂತ್ರವನ್ನು ಬುಡಮೇಲು ಮಾಡಿ ನೋಡುತ್ತಿದ್ದರು.

"ಮುದ್ರೆ ಎಲ್ಲಿ?"

"ಯಾವ ಮುದ್ರೆ?"

"ಪರೀಕ್ಷೆ ಮಾಡಿದ ಮುದ್ರೆ. ಈ ಯಂತ್ರ ಕೊನೇ ಸಲ ಯಾವಾಗ ತಾಳೆ ನೋಡಿಸಿದ್ರಿ? ತಾರೀಖಿಲ್ಲ, ಸೀಲಿಲ್ಲ. ಮುದ್ರೆ ಇಲ್ಲದ ಅಳತೆ ನಂಬಿ ಕಾಲು ಕೊಡೋಕೆ ನಾನೇನು ಮೊನ್ನೆ ಹುಟ್ಟಿದವನಾ? ಮೂವತ್ತನಾಲ್ಕು ವರ್ಷ ಸರ್ವಿಸ್ ಮಾಡಿದೀನಿ. ಏಳು, ಹೋಗೋಣ."

ಅತ್ತೆ ಕೈಮುಗಿದರು. ಮಗಳು ಗದರಿದಳು. ಷಡ್ಡಕ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ, ಅದು ಗೋಡೆಗೂ ತಾಗಲಿಲ್ಲ. ಮಾವ ಹಾಸಿಗೆಯಿಂದ ಇಳಿದು ಬೂಟು ಹುಡುಕುತ್ತಿದ್ದರು. ಅಳಿಯ ದಾರಿಗೆ ಅಡ್ಡ ನಿಂತ.

"ಮಾವ, ಅಂಗಡಿಯವನ ತಕ್ಕಡಿ ಮೇಲೆ ಅನುಮಾನ ಬಂದ್ರೆ ನೀವೇನು ಮಾಡ್ತಿದ್ರಿ?"

"ಏನು ಮಾಡ್ತಿದ್ದೆ? ತೂಕ ಗೊತ್ತಿರೋ ಸರಕು ಇಟ್ಟು ನೋಡ್ತಿದ್ದೆ."

"ಸರಿ. ನಾನೇ ಸರಕು."

ಪಕ್ಕದ ಹಾಸಿಗೆ ಮೇಲೆ ಧೊಪ್ಪನೆ ಬಿದ್ದುಕೊಂಡ. ತೋಳು ಚಾಚಿದ, ಪ್ಯಾಂಟು ಮಂಡಿಯವರೆಗೆ ಏರಿಸಿದ. ಬೆಳಗ್ಗೆ ಇಳಿದಿದ್ದ ಯಾವುದೋ ಮ್ಯಾನ್‌ಹೋಲಿನ ಕೆಸರು ಕಣಕಾಲಿನಲ್ಲಿ ಒಣಗಿತ್ತು. ಷಡ್ಡಕ ಮೂಗು ಮುಚ್ಚಿಕೊಂಡ. ಡಾಕ್ಟರಮ್ಮ ಕೆಸರು ಒರೆಸಿ ಪಟ್ಟಿ ಸುತ್ತಿದರು. ತೋಳಿನಲ್ಲಿ ನೂರ ಇಪ್ಪತ್ತು, ಕಾಲಿನಲ್ಲಿ ನೂರ ಇಪ್ಪತ್ತಾರು. ಮಾವ ಖುದ್ದು ಬಗ್ಗಿ ಅಂಕಿ ನೋಡಿದರು. ಬಲಗಾಲು ತೋರಿಸು ಎಂದರು. ಅದೂ ಅಷ್ಟೇ.

"ತಕ್ಕಡಿ ಸರಿ ಇದೆ ಮಾವ. ಕೊರತೆ ನಿಮ್ಮ ಸರಕಲ್ಲಿದೆ."

ಮೂವತ್ತನಾಲ್ಕು ವರ್ಷದಲ್ಲಿ ಮಾವ ಎಷ್ಟೋ ಜನರಿಗೆ ಇದೇ ಮಾತು ಹೇಳಿದ್ದರು. ಕೇಳಿಸಿಕೊಂಡದ್ದು ಇದೇ ಮೊದಲು. ಹಾಸಿಗೆ ಮೇಲೆ ಕೂತು, "ಎಲ್ಲಿ ಸಹಿ ಹಾಕ್ಬೇಕು?" ಎಂದರು.

ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಬಲ ತೊಡೆಸಂದಿಯಿಂದ ಕೂದಲಿನಷ್ಟು ಸಣ್ಣ ತಂತಿ ತೂರಿಸಿ ಎಡಗಾಲಿನ ಅಡಚಣೆ ದಾಟಿಸುವುದು, ತಂತಿಯ ಮೇಲೆ ಬಲೂನು ಕಳಿಸಿ ಊದುವುದು, ನಾಳ ಮತ್ತೆ ಕುಸಿಯದಂತೆ ಜಾಲರಿ ಕೊಳವೆ ಬಿಟ್ಟು ಬರುವುದು. ಷಡ್ಡಕ ಗಂಭೀರವಾಗಿ ತಲೆಯಾಡಿಸಿದ. ಅಳಿಯ ಮುಂದಕ್ಕೆ ಬಗ್ಗಿದ.

"ಸುಣ್ಣಗಟ್ಟಿ ಕಲ್ಲಾಗಿದ್ರೆ ಬಲೂನಿಗೆ ಬಗ್ಗುತ್ತಾ?"

"ಬಗ್ಗದಿದ್ರೆ ಸಣ್ಣ ತಿರುಗೋ ಬಿಟ್ ಇದೆ, ಕೆರೆದು ತೆಗೀತೀವಿ."

"ಕೆರೆದ ಚೂರು ಕೆಳಗೆ ಹೋಗಿ ಇನ್ನೊಂದು ಕಡೆ ಕೂತ್ರೆ?"

"ಕೆಳಗೆ ಛತ್ರಿ ಥರದ ಬಲೆ ಹರಡಿರ್ತೀವಿ."

"ಮೇಲಿಂದ ತಂತಿ ದಾಟ್ಲೇ ಇಲ್ಲ ಅಂದ್ರೆ?"

"ಪಾದದ ಕಡೆಯಿಂದ ಬರ್ತೀವಿ."

"ನಾವೂ ಅಷ್ಟೇ!" ಎಂದು ಅವನು ತೊಡೆ ತಟ್ಟಿದ.

"ನೀವು ಯಾವ ಆಸ್ಪತ್ರೆಯಲ್ಲಿದೀರಿ?" ಡಾಕ್ಟರಮ್ಮ ಗೌರವದಿಂದ ಕೇಳಿದರು.

"ನಲ್ಲಿ ರಿಪೇರಿ ಮೇಡಂ. ಚರಂಡಿನೂ ಮಾಡ್ತೀನಿ."

ಷಡ್ಡಕನಿಗೆ ಇದ್ದಕ್ಕಿದ್ದಂತೆ ಫೋನು ಬಂತು. ಅದು ರಿಂಗಾದದ್ದು ಯಾರಿಗೂ ಕೇಳಿಸಲಿಲ್ಲ.

ಕೆಲಸ ಎರಡೂವರೆ ಗಂಟೆ ಹಿಡಿಯಿತು. ತಂತಿ ಮೇಲಿನಿಂದ ದಾಟಲಿಲ್ಲ, ಪಾದದ ಕಡೆಯಿಂದಲೇ ಬರಬೇಕಾಯಿತು. ಆ ಜಾಗ ಮಾತ್ರ ಮರಗಟ್ಟಿಸಿ ಮಾಡುವ ಕೆಲಸವಾದ್ದರಿಂದ ಮಾವ ಎಚ್ಚರವಾಗಿಯೇ ಇದ್ದು, ಪರದೆಯ ಮೇಲೆ ತಮ್ಮ ಕಾಲನ್ನು ತಾವೇ ತಪಾಸಣೆ ಮಾಡಿ, ಜಾಲರಿ ಎಷ್ಟು ಮಿಲಿಮೀಟರು ಎಂದು ಎರಡು ಸಲ ಕೇಳಿದರಂತೆ. ಹೊರಗೆ ಬಂದಾಗ ಅಳಿಯ ಯಾರೂ ನೋಡದ ಹಾಗೆ ಹೊದಿಕೆಯೊಳಗೆ ಕೈ ಹಾಕಿ ಎಡಪಾದ ಮುಟ್ಟಿದ. ಬೆಚ್ಚಗಿತ್ತು. ಕಣ್ಣಿಗೆ ಏನೋ ಬಿದ್ದಂತಾಗಿ, ಆಸ್ಪತ್ರೆಯ ಫ್ಯಾನಿನ ಧೂಳು ಒರೆಸದವರನ್ನು ಬೈದುಕೊಂಡ.

ಮಾರನೆಯ ಬೆಳಗ್ಗೆ ಡಾಕ್ಟರಮ್ಮ ಅಪ್ಪಣೆ ಮಾಡಿದರು. "ಈ ಕಾರಿಡಾರು ಆ ತುದಿಯಿಂದ ಈ ತುದಿಗೆ, ದಿನಕ್ಕೆ ಆರು ಸುತ್ತು. ಸಿಗರೇಟು ಬಂದ್. ನಾನು ದಾರಿ ಮಾಡಿ ಕೊಟ್ಟಿದೀನಿ, ನಡೀದಿದ್ರೆ ಮತ್ತೆ ಕಟ್ಟಿಕೊಳ್ಳುತ್ತೆ. ಆಗ ನನ್ನ ಕೇಳ್ಬೇಡಿ."

ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಆಸ್ಪತ್ರೆಯ ಅಗಲ ಚಪ್ಪಲಿ ಮೆಟ್ಟಿ ಮಾವ ಒಂದು ಸುತ್ತು ಮುಗಿಸಿದರು. ಮುನ್ನೂರ ಹನ್ನೆರಡು ಹೆಜ್ಜೆ, ಎಲ್ಲೂ ನಿಲ್ಲಲಿಲ್ಲ. ಮುಗಿಸಿ ಬಂದವರೇ ಬೆಂಚಿನ ಮೇಲೆ ಕೂತುಬಿಟ್ಟರು. ಸಾಕು ಎಂದರು. ಕಾಲು ಸರಿಹೋದ ಮೇಲೆ ನಡೆಯುವುದೇಕೆ ಎಂದರು. ಅತ್ತೆ ಬೇಡಿಕೊಂಡರು, ಮಗಳು ಎಳೆದಳು, ನರ್ಸು ಗದರಿದಳು. ಮುದುಕ ಕದಲಲಿಲ್ಲ. ಸಾಲದ್ದಕ್ಕೆ ನೋಡಲು ಬಂದ ಪಕ್ಕದ ಮನೆಯವಳು ಸಿಕ್ಕಿದಳು.

"ಕಾಲಿಗೆ ಅಂಥದ್ದೇನೂ ಆಗಿರ್ಲಿಲ್ಲಮ್ಮ" ಎಂದು ಮಾವ ವಾರ್ಡಿಗೆಲ್ಲ ಕೇಳುವಂತೆ ಸುರುಮಾಡಿದರು. "ಒತ್ತಡದಲ್ಲಿ ವ್ಯತ್ಯಾಸ ಇದೆ ಅಂತ ಕಂಡುಹಿಡಿದವನು ನಾನೇ. ಯಂತ್ರಾನೂ ನಾನೇ ತಾಳೆ ನೋಡಿಸ್ದೆ. ಇವನು ಅಲ್ಲಿ ಸುಮ್ನೆ ಮಲಗಿದ್ದ, ಅಷ್ಟೇ. ಮಲಗೋಕೆ ಓದು ಬೇಡ ನೋಡಿ! ಏನೋ, ಸುಳ್ಳಾ?"

ಷಡ್ಡಕ ನಕ್ಕ. ಎಲ್ಲರೂ ಅಳಿಯನ ಕಡೆ ತಿರುಗಿದರು. ಅವನ ಕಿವಿ ಕೆಂಪಾಯಿತು. ನಾಲಿಗೆಯ ತುದಿಯಲ್ಲಿ ಮೂರು ಉತ್ತರ ಸಿದ್ಧವಿದ್ದವು; ಒಂದೊಂದೂ ಮುದುಕನ ಮೂವತ್ತನಾಲ್ಕು ವರ್ಷದ ಸರ್ವಿಸನ್ನು ಅಡಿಮೇಲು ಮಾಡುವಂಥದು. ಆದರೆ ಉತ್ತರ ಕೊಟ್ಟರೆ ಮಾವ ಕೂತಲ್ಲೇ ವಾದಕ್ಕೆ ಬೇರು ಬಿಡುತ್ತಾರೆ. ವಾದ ಸಂಜೆಯವರೆಗೆ ನಡೆಯುತ್ತದೆ, ಕಾಲು ನಡೆಯುವುದಿಲ್ಲ.

ಅಳಿಯ ಬೆನ್ನು ತಿರುಗಿಸಿ ಕಾರಿಡಾರಿನ ಆ ತುದಿಗೆ ಹೊರಟ.

"ಏಯ್! ನಿನ್ನನ್ನೇ ಕೇಳ್ತಿರೋದು!"

ಅವನು ನಿಲ್ಲಲಿಲ್ಲ.

"ದೊಡ್ಡೋರು ಮಾತಾಡ್ವಾಗ ಬೆನ್ನು ತೋರಿಸ್ತೀಯಾ? ನಿಲ್ಲೋ! ನಿಲ್ಲೋ ಅಂದ್ರೆ!"

ಹಿಂದೆ ಬೆಂಚು ಕಿರ್ರೆಂದಿತು. ಅಗಲ ಚಪ್ಪಲಿಗಳ ಸದ್ದು ಶುರುವಾಯಿತು; ಮೊದಲು ಒಂದಕ್ಕೊಂದು ತಾಳ ತಪ್ಪಿ, ಆಮೇಲೆ ಎಡ ಬಲ ಎರಡೂ ಸಮನಾಗಿ, ಬೈಗುಳದ ಜೊತೆಗೇ ಹತ್ತಿರ ಬರತೊಡಗಿತು. ಅಳಿಯ ತಿರುಗಿ ನೋಡಲಿಲ್ಲ. ಕಾರಿಡಾರಿನ ತುದಿ ಮುಟ್ಟಿ, ಗೋಡೆ ಬಳಸಿ, ಹೆಜ್ಜೆಯನ್ನು ಇನ್ನಷ್ಟು ಬೀಸಾಗಿ ಹಾಕಿದ.