ಮೌಲಾಲಿ ಗುಡ್ಡದ ಅರ್ಧ ದಾರಿ

ಎಂಬತ್ತಮೂರನೆಯ ಇಸವಿಯ ಪುಷ್ಯಮಾಸದಲ್ಲಿ ಬೊಮ್ಮಯ್ಯ ಹೈದರಾಬಾದಿನ ಮೌಲಾಲಿ ಗುಡ್ಡವನ್ನು ಹತ್ತಿ, ಆ ಮಹಾನಗರವನ್ನು ಕಣ್ಣಿನಿಂದಲೇ ಅಳೆದು, ತಾನೂ ಸೇರಿ ದಿಕ್ಕು ತಪ್ಪಿದ್ದ ಹನ್ನೊಂದು ಮಂದಿ ರೈತರನ್ನು ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ನೀರಾವರಿ ಕಚೇರಿಯ ಬಾಗಿಲಿಗೆ ಮುಟ್ಟಿಸಿದನೆಂಬುದು ಭೈರವಾನಿತಿಪ್ಪದ ಕಾಲುವೆಯ ಕೊನೆಯ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಮಾತು. ಅವರು ರಾಯದುರ್ಗದಿಂದ ಶೇಂಗಾ ಲಾರಿಯ ಮೂಟೆಗಳ ಮೇಲೆ ಕುಳಿತು ಬಂದಿದ್ದರು. ಇಳಿದಾಗ ಮೂಟೆ ಹೊತ್ತಿಳಿಸುವುದೇ ಬಾಡಿಗೆಯೆಂದು ಒಪ್ಪಂದ. ಲಾರಿ ನಿಂತದ್ದು ಊರಾಚೆಯ ಎಣ್ಣೆಗಿರಣಿಯ ಮುಂದೆ. ಹೊಸ ತೂಬಿನ ಅರ್ಜಿಗೆ ಅಂದೇ ಕಡೆಯ ದಿನ. ಬಸ್ಸಿಗೆ ಕೈಯಲ್ಲಿ ಕಾಸಿಲ್ಲ; ಕೇಳಿದವರೆಲ್ಲ ಬಸ್ಸಿನ ನಂಬರು ಹೇಳುವವರೇ ಹೊರತು ನಡೆದು ಹೋಗುವ ದಾರಿ ಬಲ್ಲವರಿಲ್ಲ. ಆಗ ಹಿರಿಯ ದೊಡ್ಡಮಲ್ಲಪ್ಪ ಎದುರಿಗಿದ್ದ ಬೋಳುಬಂಡೆಯ ಗುಡ್ಡವನ್ನು ತೋರಿಸಿ, ಗುಡ್ಡದ ಕೆಳಗೆ ಹುಟ್ಟಿ ಬೆಳೆದವರಿಗೆ ದಾರಿ ಕೇಳುವ ದೈನ್ಯವೇಕೆ, ಒಬ್ಬರು ಮೇಲೆ ಹೋಗಿ ನೋಡಿ ಬನ್ನಿರೆಂದ. ಬೊಮ್ಮಯ್ಯ ಹೋದ. ಮೇಲಿಂದ ರೈಲುಹಳಿಯನ್ನೂ, ಕೆರೆಯ ಹೊಳಪನ್ನೂ, ಕೆರೆಯ ಏರಿಯನ್ನೂ, ಅದರಾಚೆ ಕಚೇರಿಯ ಗುರುತೆಂದು ಕೇಳಿ ಬಂದಿದ್ದ ಬಿಳಿಯ ಗುಮ್ಮಟವನ್ನೂ ಕಂಡು, ಮರೆಯದಂತೆ ಹೆಗಲ ವಸ್ತ್ರದಲ್ಲಿ ನಾಲ್ಕು ಗಂಟು ಹಾಕಿಕೊಂಡು ಇಳಿದ. ಒಂದೊಂದು ಗುರುತು ದಾಟಿದಂತೆ ಒಂದೊಂದು ಗಂಟು ಬಿಚ್ಚುತ್ತ ಎಲ್ಲರನ್ನೂ ನಡೆಸಿದ. ತೂಬು ಬಂತು, ನೀರೂ ಬಂತು.

ಹೀಗೆಂದು ಬೊಮ್ಮಯ್ಯ ನಲವತ್ತೆರಡು ವರ್ಷ ಹೇಳಿಕೊಂಡು ಬಂದಿದ್ದ.

ಮೊಮ್ಮಗಳು ಸಂಧ್ಯಾ ಆ ಕಥೆಯನ್ನು ಕೇಳುತ್ತಲೇ ಬೆಳೆದವಳು. ರಾಯದುರ್ಗದ ಜೀನ್ಸ್ ಹೊಲಿಗೆಯ ಯೂನಿಟ್ಟೊಂದರಲ್ಲಿ ಜಿಪ್ ಕೂಡಿಸುವ ಕೆಲಸ ಅವಳದು. ಅಲ್ಲಿಯ ನಲವತ್ತು ಮಂದಿ ಹುಡುಗಿಯರಿಗೆ ಸಂಕ್ರಾಂತಿಯಲ್ಲಿ ಮೂರು ದಿನದ ರಜೆ. ಕೈಯಲ್ಲಿ ಹಣ ಕಡಿಮೆ, ನೋಡುವ ಆಸೆ ದೊಡ್ಡದು. ಅವರಿಗಾಗಿ ಸಂಧ್ಯಾ ಒಂದು ಪಟ್ಟಿ ಮಾಡುತ್ತಿದ್ದಳು: ಹೈದರಾಬಾದನ್ನು ಟಿಕೆಟ್ಟಿಲ್ಲದೆ ಎತ್ತರದಿಂದ ನೋಡಬಹುದಾದ ಜಾಗಗಳು. ತಾನೇ ಮೊದಲು ಹೋಗಿ ನೋಡಿ ಬರೆಯಬೇಕೆಂಬುದು ಅವಳ ಹಟ. ಜೊತೆಗೆ ಪಕ್ಕದ ಮಷೀನಿನ ಶಿವಲೀಲಾ ಹೊರಟಳು. ಗುಡ್ಡ ತೋರಿಸಲು ತಾತನಿರಬೇಕೆಂದು ಇಬ್ಬರೂ ಪಟ್ಟು ಹಿಡಿದರು. ಎಪ್ಪತ್ತಮೂರರ ಬೊಮ್ಮಯ್ಯ ಮೊಣಕಾಲಿನ ನೆಪ ಹೇಳಿದ, ಅದು ನಡೆಯಲಿಲ್ಲ.

ಮೊದಲ ದಿನ ಬಿರ್ಲಾ ಮಂದಿರದ ಗುಡ್ಡವಾಯಿತು. ಅಲ್ಲಿ ಫೋನು ಕೌಂಟರಿನಲ್ಲಿಟ್ಟು ಹೋಗಬೇಕು, ಆದ್ದರಿಂದ ಫೋಟೋದ ಆಸೆ ಬಿಡಿ ಎಂದು ಸಂಧ್ಯಾ ಬರೆದುಕೊಂಡಳು. ಟಿಕೆಟ್ಟು ಬೇಕಾದರೂ ಅಗ್ಗವೆಂದು ಮೆಟ್ರೋ ರೈಲಿನ ಕೊನೆಯ ಡಬ್ಬಿಯ ಕಿಟಕಿ ಎರಡನೆಯ ಜಾಗವಾಯಿತು. ಮರುದಿನ ಬೆಳಿಗ್ಗೆ ಮೌಲಾಲಿಯ ಬಸ್ಸು ಹತ್ತಿದರು. ಕಂಡಕ್ಟರಮ್ಮ ಹುಡುಗಿಯರ ಆಧಾರ್ ಕಾರ್ಡು ತಿರುಗಿಸಿ ನೋಡಿ ನಕ್ಕು ತೆಲುಗಿನಲ್ಲಿ ಹೇಳಿದಳು: ಇದು ಆಂಧ್ರದ್ದು, ಪುಕ್ಕಟೆ ಬಸ್ಸು ತೆಲಂಗಾಣದ ಹೆಂಗಸರಿಗಷ್ಟೇ.

"ಬರ್ಕೊಳ್ಳೇ ಸಂಧ್ಯಾ," ಎಂದಳು ಶಿವಲೀಲಾ. "ರಾಯದುರ್ಗದ ಮಾರಿಗೆ ಇಲ್ಲಿ ಬೆಲೆ ಇಲ್ಲ ಅಂತ."

"ನಿನ್ನ ಮಾರಿಗೆ ಅಲ್ಲೂ ಇಲ್ಲ ಬಿಡು."

ಬೊಮ್ಮಯ್ಯ ನಗಲಿಲ್ಲ. ಕಟ್ಟಡಗಳ ಸಂದಿನಲ್ಲಿ ಆ ಬೋಳುಬಂಡೆ ಕಾಣಿಸಿಕೊಂಡಿತ್ತು. ಸುತ್ತಲ ಬಯಲು ಊರಾಗಿ ಹೋಗಿದ್ದರೂ ಬಂಡೆ ಮಾತ್ರ ಹಾಗೆಯೇ ಇತ್ತು.

ಗುಡ್ಡದ ಬುಡದಲ್ಲಿ ಸಕ್ಕರೆಯ ಪೊಟ್ಟಣ ಕೊಂಡು, ತುದಿಯ ದರ್ಗಾಕ್ಕೆ ಕೈಮುಗಿಯಬೇಕೆಂದು ಸೆರಗನ್ನೂ ವೇಲನ್ನೂ ತಲೆಯ ಮೇಲೆ ಎಳೆದುಕೊಂಡು ಹುಡುಗಿಯರು ಮೆಟ್ಟಿಲು ಹಿಡಿದರು. ಬೊಮ್ಮಯ್ಯ ಅವರ ಹಿಂದೆ ಹತ್ತಿದ. ಮೊದಲ ಮೆಟ್ಟಿಲುಗಳು ಮನೆಗಳ ನಡುವೆ ಏರುತ್ತಿದ್ದುದರಿಂದ ತೊಂದರೆಯಾಗಲಿಲ್ಲ. ಮನೆಗಳು ಮುಗಿದು, ಬಲಗಡೆಯ ಬಂಡೆ ನುಣ್ಣಗೆ ಕೆಳಗಿಳಿದು ಬಯಲಿಗೆ ಜಾರುವ ತಿರುವು ಬಂದಾಗ ಅವನ ಅಂಗಾಲು ತಣ್ಣಗಾಯಿತು. ಗೋಡೆಯ ಕಡೆ ಸರಿದು, ಎರಡು ಕೈಯನ್ನೂ ಕಲ್ಲಿಗೆ ಒತ್ತಿ ಕುಳಿತುಬಿಟ್ಟ. ಜಾಗ ಅದೇ. ಮೂವತ್ತರ ಹರೆಯದಲ್ಲಿಯೂ ಅವನು ಕುಳಿತದ್ದು ಇಲ್ಲಿಯೇ.

"ಯಾಕ ತಾತ, ಮೊಣಕಾಲಾ?" ಸಂಧ್ಯಾ ಎರಡು ಮೆಟ್ಟಿಲು ಕೆಳಗಿಳಿದಳು.

"ಹೂಂ. ನೀವು ಹೋಗಿ ಬರ್ರಿ."

"ಅರ್ಧಾನ ಆಗೈತಿ. ಅಂದು ಓಡ್ಕೊಂತ ಹತ್ತಿದೋನು ಇವತ್ತು ನಡ್ಕೊಂತಾದರೂ ಬಾರಪ್ಪ."

"ಅಂದು ಮೂಟಿ ಹೊತ್ತಿದ್ದ ಕಾಲ್ರೀ ಅವು," ಎಂದಳು ಶಿವಲೀಲಾ. "ಇವತ್ತು ಬಸ್ಸಿನ ಸೀಟು ಕೆಡಿಸೈತಿ."

ಸಂಧ್ಯಾ ಫೋನು ತೆಗೆದಳು. "ಕುಂದ್ರು, ಹಂಗಾರ. ಇಲ್ಲೇ ಬರೀತೀನಿ, ಕೇಳು." ಬರೆಯುತ್ತ ಗಟ್ಟಿಯಾಗಿ ಓದಿದಳು: "ಮೂರನೇ ಜಾಗ, ಮೌಲಾಲಿ ಗುಡ್ಡ. ಟಿಕೆಟ್ ಇಲ್ಲ. ಬೆಳಿಗ್ಗೆ ಬೇಗ ಬರ್ರಿ, ಬಿಸಿಲಿಗೆ ಬಂಡಿಗಲ್ಲು ಕಾಯ್ತದ. ನಮ್ಮ ತಾತ ಬೊಮ್ಮಯ್ಯ ಎಂಬತ್ತಮೂರರಾಗ ಈ ಗುಡ್ಡದ ತುದಿಗೆ ನಿಂತು ಇಡೀ ಹೈದರಾಬಾದ್ ನೋಡಿ ದಾರಿ ಕಂಡುಹಿಡಿದ." ಬೆರಳು ಎತ್ತಿದಳು. "ಗ್ರೂಪಿಗೆ ಹಾಕ್ಲಾ? ನಲವತ್ತು ಮಂದಿ ಓದ್ತಾರ. ಅವರ ಮನಿಯೋರೂ ಓದ್ತಾರ."

ಬೊಮ್ಮಯ್ಯನ ಕಣ್ಣು ಆ ಬೆರಳಿನ ಮೇಲೆ ನಿಂತಿತು. ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ. ಹೇಳಿದವನು ಹೋದ ಮೇಲೆ ಕೇಳಿದವರೂ ಮರೆಯುತ್ತಾರೆ. ಇದು ಹಾಗಲ್ಲ. ಇನ್ನು ಮುಂದೆ ರಾಯದುರ್ಗದಿಂದ ಬರುವ ಒಬ್ಬೊಬ್ಬ ಹುಡುಗಿಯೂ ಈ ಮೆಟ್ಟಿಲಿನ ಮೇಲೆ ಅವನ ಹೆಸರು ಹೇಳಿ ಹತ್ತುವಳು. ಸುಮ್ಮನಿದ್ದರೆ ಮರ್ಯಾದೆ ಉಳಿಯಿತು. ಹೆಂಡತಿ ಪಾಲಮ್ಮ ತೀರಿ ಎರಡು ವರ್ಷವಾಗಿತ್ತು. ಕೇಳುವವರು ಯಾರೂ ಇರಲಿಲ್ಲ.

"ಹಾಕಬೇಡ," ಎಂದ.

"ಯಾಕ?"

"ನಾನು ಹತ್ತಿಲ್ಲ."

ಸಂಧ್ಯಾ ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು.

"ನನಗ ಎತ್ತರ ಆಗಂಗಿಲ್ಲ. ಹುಟ್ಟಿದಾಗಿಂದ ಆಗಂಗಿಲ್ಲ. ರಾಯದುರ್ಗದ ಕೋಟಿ ಗುಡ್ಡ ನಾನು ಯಾವತ್ತರ ಹತ್ತಿದ್ದು ನೋಡಿಯೇನು? ನಿಮ್ಮಜ್ಜಿ ದೀಪ ಹಚ್ಚಾಕ ಹೋದಾಗೆಲ್ಲ ನಾನು ಕೆಳಗ ಚಪ್ಪಲಿ ಕಾಯ್ತಿದ್ದೆ. ಅಂದು ಇಲ್ಲಿತನಕ ಬಂದೆ. ಇಲ್ಲೇ, ಹಿಂಗೇ ಕುಂತೆ. ಗಂಡಸರೆಲ್ಲ ಕೆಳಗ ಮೂಟಿ ಇಳಿಸ್ತಿದ್ರು. ಪಾಲಮ್ಮ ನೀರಿನ ತಂಬಿಗಿ ಹಿಡ್ಕೊಂಡು ನನ್ನ ಹಿಂದ ಬಂದಿದ್ದಳು. ಅವಳ ಹೆಸರಿನ ಎರಡೆಕರೇದೂ ಒಂದು ಅರ್ಜಿ ಇತ್ತು, ಹೆಬ್ಬೆಟ್ಟು ಒತ್ತಾಕ ಬಂದೋಳು. ನನ್ನ ನೋಡಿದಳು. ತಂಬಿಗಿ ನನ್ನ ಕೈಗೆ ಕೊಟ್ಟು ಮ್ಯಾಲ ಹೋದಳು."

"ಗಂಟು?" ಸಂಧ್ಯಾಳ ದನಿ ತಗ್ಗಿತ್ತು.

"ಅವಳ ಸೆರಗಿನಾಗ."

ಶೇಂಗಾ ಬಿಡಿಸುವ ಕೂಲಿಗೆ ಹೋದ ಹೆಂಗಸರು ಸೇರಿಗೊಂದರಂತೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುವುದನ್ನು ಸಂಧ್ಯಾ ಚಿಕ್ಕಂದಿನಿಂದ ಕಂಡಿದ್ದಳು. ಗಂಡಾಳು ಗಂಟು ಹಾಕಿದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಅಷ್ಟು ವರ್ಷ ಕೇಳಿಯೂ ತನಗೆ ಹೊಳೆಯಲಿಲ್ಲವಲ್ಲ ಎಂಬುದು ಅವಳನ್ನು ಮೊದಲು ಚುಚ್ಚಿತು. ಆಮೇಲೆ ಸಿಟ್ಟು ಬಂತು.

"ಅವಳೇ ನಡಸಿದಳಾ ಎಲ್ಲಾರನ್ನೂ?"

"ಮುಂದ ಅವಳೇ. ಹಿಂದ ನಾವು. ತಿರುಗಿ ನಮ್ಮೂರು ಹತ್ತಿರ ಬಂದಾಗ ದೊಡ್ಡಮಲ್ಲಪ್ಪ ಅಂದ, ಹನ್ನೊಂದು ಮಂದಿಯಾಗ ಹೆಣ್ಣಾಳು ಗುಡ್ಡ ಹತ್ತಿದಳಂದ್ರ ಹತ್ತು ಮೀಸಿಗೂ ನಾಚಿಕೆ, ಬೊಮ್ಮ ಹತ್ತಿದ ಅನ್ರಿ ಅಂತ. ಎಲ್ಲಾರೂ ಹೂಂ ಅಂದ್ರು. ನಾನೂ ಅಂದೆ."

"ಅಜ್ಜಿ?"

"ನೀರು ಬರ್ತದಲ್ಲ, ಸಾಕು ಅಂದಳು."

"ನೀನು ಅವಳ ಎದುರಿಗೇ ಹೇಳ್ತಿದ್ದಿ ತಾತ! ಅವಳು ರೊಟ್ಟಿ ಬಡೀತಿರಬೇಕಾದ್ರ. ಸಾಯೋ ವಾರದಾಗೂ ಹಾಸಿಗಿ ಪಕ್ಕ ಕುಂತು ನೋಡಾಕ ಬಂದ ಡಾಕ್ಟರಿಗೆ ಹೇಳಿದಿ. ನಾನೂ ಅಲ್ಲೇ ಇದ್ದೆ."

"ಹೌದು."

ಹೇಳಿ ಹೇಳಿ ಕೆಲವು ವರ್ಷಗಳಲ್ಲಿ ಬೊಮ್ಮಯ್ಯ ತಾನೇ ನಂಬಿದ್ದುಂಟು. ತುದಿಯ ಗಾಳಿ ತನ್ನ ಕಿವಿಗೇ ಬಡಿದಂತೆ ಕನಸು ಬಿದ್ದದ್ದೂ ಉಂಟು. ಆದರೆ ಅದನ್ನು ಹೇಳಿದರೆ ತಪ್ಪಿಗೆ ಬಣ್ಣ ಬಳಿದಂತಾದೀತು.

ಸಂಧ್ಯಾ ಬರೆದದ್ದನ್ನು ಅಳಿಸಿದಳು. ಫೋನನ್ನು ಚೀಲಕ್ಕೆ ಹಾಕಿ, ಅವನತ್ತ ತಿರುಗದೆ ಮೇಲೆ ಹೊರಟಳು. ಶಿವಲೀಲಾ ಒಂದು ಗಳಿಗೆ ಎರಡು ಕಡೆಯೂ ನೋಡಿ, ನೀರಿನ ಬಾಟಲಿಯನ್ನು ಮುದುಕನ ಪಕ್ಕಕ್ಕಿಟ್ಟು, "ಬಿಸ್ಲಿಗೆ ಬರಬ್ಯಾಡ್ರಿ ತಾತ, ನೆಳ್ಳಾಗ ಇರ್ರಿ," ಎಂದು ಹೇಳಿ ಗೆಳತಿಯ ಹಿಂದೆ ಓಡಿದಳು.

ಬೊಮ್ಮಯ್ಯ ಒಬ್ಬನೇ ಉಳಿದ. ಹರಕೆಯವರು, ಮಕ್ಕಳನ್ನೆತ್ತಿಕೊಂಡವರು, ಸುಮ್ಮನೆ ಊರು ನೋಡಲು ಬಂದ ಹುಡುಗರು ಅವನನ್ನು ದಾಟಿ ಏರಿದರು, ಇಳಿದರು. ಅವನಿಗೆ ಒಂದೇ ಯೋಚನೆ. ಇನ್ನು ಮೇಲೆ ಸಂಜೆ ಕೆಲಸದಿಂದ ಮನೆಗೆ ಬಂದ ಸಂಧ್ಯಾ ಚೀಲ ಮೂಲೆಗಿಟ್ಟು ತನ್ನ ಬಳಿ ಬಂದು ಕೂರುವಳೋ, ನೆಟ್ಟಗೆ ಒಳಗೆ ಹೋಗುವಳೋ. ಅವನ ಉಳಿದ ದಿನಗಳೆಲ್ಲ ಆ ನಾಲ್ಕು ಹೆಜ್ಜೆಯ ಮೇಲೆ ನಿಂತಂತಿದ್ದವು. ಎದ್ದು ಒಂದು ಮೆಟ್ಟಿಲು ಹತ್ತಿ ನೋಡಿದ. ಬಯಲು ವಾಲಿತು. ಕಣ್ಣು ಮುಚ್ಚಿ ಮತ್ತೆ ಕುಳಿತ.

ಮುಕ್ಕಾಲು ಗಂಟೆಯ ಮೇಲೆ ಹುಡುಗಿಯರು ಇಳಿದು ಬಂದರು. ಸಂಧ್ಯಾಳ ಮುಖ ಬಿಸಿಲಿಗೆ ಕೆಂಪಾಗಿತ್ತು; ಅತ್ತಿದ್ದಳೋ ಏನೋ, ತಿಳಿಯುವಂತಿರಲಿಲ್ಲ. ಅವಳು ಅವನನ್ನು ದಾಟಿ ಎರಡು ಮೆಟ್ಟಿಲು ಕೆಳಗೆ ಹೋದಳು. ಅಲ್ಲಿ ನಿಂತಳು.

"ಕೆರಿ ಕಾಣ್ಲೇ ಇಲ್ಲ," ಎಂದಳು, ಬೆನ್ನು ತಿರುಗಿಸಿಕೊಂಡೇ. "ಬರೇ ಹೊಗಿ, ಬರೇ ಬಿಲ್ಡಿಂಗು. ಹಳಿ ಅಷ್ಟೇ ಕಂಡದ್ದು. ಫೋನಿನಾಗ ಮ್ಯಾಪ್ ಇಟ್ಕೊಂಡು ಹುಡುಕಿದ್ರೂ ನನಗ ದಿಕ್ಕೇ ಸಿಗಲಿಲ್ಲ. ಓದಾಕ ಬರೆಯಾಕ ಬರದೋಳು ಹೆಂಗ ಹಿಡಿದಿಟ್ಟಳು ಅದನ್ನ?"

"ಗೊತ್ತಿಲ್ಲವ್ವಾ. ನಾನು ಒಂದು ಸಲಾನೂ ಕೇಳಲಿಲ್ಲ."

ಶಿವಲೀಲಾ ಸಕ್ಕರೆಯ ಪೊಟ್ಟಣ ಬಿಚ್ಚಿ ಅವನ ಅಂಗೈಗೆ ಒಂದು ಚಿಟಿಕೆ ಹಾಕಿದಳು. ಅವನು ಅದನ್ನು ಬಾಯಿಗಿಡದೆ ಹಿಡಿದುಕೊಂಡ.

ಸಂಧ್ಯಾ ತಿರುಗಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅದು ಇಳಿಯಲು ದಿನಗಳು ಬೇಕಾಗಬಹುದೆಂದು ಬೊಮ್ಮಯ್ಯನಿಗೆ ತೋರಿತು. ಆದರೂ ಅವಳು ಮೆಟ್ಟಿಲು ಹತ್ತಿ ಬಂದು, ಬಂಡೆ ಜಾರುವ ಬದಿಗೆ ತಾನು ಕುಳಿತು, ಗೋಡೆಯ ಬದಿಯನ್ನು ಅವನಿಗೆ ಬಿಟ್ಟಳು.

"ಅಜ್ಜಿ ತಂಬಿಗಿ ಕೊಟ್ಟು ಮ್ಯಾಲ ಹೋದಳು ಅಂದ್ಯಲ್ಲ," ಎಂದಳು. "ಅಲ್ಲಿಂದ ಅಲ್ಲ. ಲಾರಿಯಿಂದ ಹಿಡಿದು ಹೇಳು, ತಾತ. ಇನ್ನೊಂದು ಸಲ ಹೇಳು."